ಅತ್ತೆ ಹೇಳಿದ ಸಾಕ್ಷಿ

ಎಲ್ಲಾ ಕೆಟ್ಟಿದ್ದು ಅತ್ತೆಯ ಒಂದೇ ಮಾತಿನಿಂದ. "ತಾಯಿಯಿಲ್ಲದ ಈ ಮಗುವನ್ನ ಸಾಕ್ತಿರೋದು ಯಾರಮ್ಮ?" ಎಂದು ವೀಸಾ ಅಧಿಕಾರಿ ಕೇಳಿದಾಗ, "ನಾನಲ್ಲದೆ ಇನ್ಯಾರು? ಪರದೇಶದಲ್ಲಿ ಕೂತಿರೋ ಆ ಅಳಿಯನಾ?" ಎಂದುಬಿಟ್ಟಿದ್ದರು. ಮಗುವಿನ ಹೊಣೆಯೆಲ್ಲ ಅಪ್ಪನದೇ ಆಗಿದ್ದರೆ ಮಾತ್ರ ಅದು ಅವನಿದ್ದಲ್ಲಿಗೆ ಹೋಗಬಹುದೆಂಬುದು ಕಾನೂನು. ಅರ್ಜಿ ಬಿದ್ದುಹೋಯಿತು.

ಆ ಅಳಿಯ, ಪರದೇಶದ ಲಾಂಡ್ರಿಯೊಂದರಲ್ಲಿ ಬಟ್ಟೆ ತೀಡುವ ಇಸ್ತ್ರಿಯಣ್ಣ, ಮೇಲ್ಮನವಿ ಹಾಕಿದ. ಇವತ್ತು ಅದರ ವಿಚಾರಣೆ. ಸಾಕ್ಷಿ ಬೇರೆ ಯಾರೂ ಅಲ್ಲ, ಅದೇ ಅತ್ತೆ, ವಿಡಿಯೋದಲ್ಲಿ.

ಬೆಳಿಗ್ಗೆ ಅವನು ತನ್ನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಲಾಂಡ್ರಿಯ ವ್ಯಾನ್ ಡ್ರೈವರ್ ಅವನ ಫೋನ್ ಕಿತ್ತುಕೊಂಡು ಅತ್ತೆಗೆ ಪಾಠ ಶುರುಮಾಡಿದ.

"ಅಮ್ಮಾ, ಅಳಿಯನ್ನ ಚೆನ್ನಾಗಿ ಹೊಗಳಬೇಕು."

"ಯಾವ ವಿಷಯಕ್ಕಪ್ಪಾ?"

ಡ್ರೈವರ್ ಇಸ್ತ್ರಿಯಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಏನೂ ಹೊಳೆಯಲಿಲ್ಲ. "ದೇವರಂಥವನು ಅಂದ್ಬಿಡಿ, ಸಾಕು."

ಅತ್ತೆ ಇದಕ್ಕೇನನ್ನುತ್ತಾರೋ ಎಂದು ಇಸ್ತ್ರಿಯಣ್ಣ ಕಿವಿ ನಿಗುರಿಸಿದ. ಇಸ್ತ್ರಿಪೆಟ್ಟಿಗೆ ಕೋಟಿನ ಬೆನ್ನಮೇಲೆ ಕೂತೇ ಇತ್ತು. ಹೊಗೆ ಎದ್ದಿತು. ಲಾಂಡ್ರಿಯಲ್ಲೇ ಬಟ್ಟೆ ಹೊಲಿಯುವ ಹೊಲಿಗೆಯಕ್ಕ ಓಡಿಬಂದು, ಯಾರೋ ಒಯ್ಯದೆ ಬಿಟ್ಟಿದ್ದ ಕೋಟೊಂದನ್ನು ಅವನಿಗೆ ತೊಡಿಸಿದಳು. ಅದರೊಳಗೆ ಗಂಟೆಯ ನಾಲಿಗೆಯ ಹಾಗೆ ಅಲ್ಲಾಡುತ್ತಾ ಅವನು ನ್ಯಾಯಾಲಯ ಸೇರಿದ. ಹಿಂದೆಯೇ ಡ್ರೈವರ್, ಹೊಲಿಗೆಯಕ್ಕ.

ಪರದೆಯ ಮೇಲೆ ಅತ್ತೆ ಮೂಡಿದರು. ಪಕ್ಕದಲ್ಲಿ ಅವನ ಮಗಳು, ಉಗುರು ಕಚ್ಚುತ್ತಾ. ಇಸ್ತ್ರಿಯಣ್ಣ ಅವಳನ್ನು ಕಡೆಯ ಸಲ ಎತ್ತಿಕೊಂಡಾಗ ಅವಳ ಹಾಲುಹಲ್ಲೂ ಬಿದ್ದಿರಲಿಲ್ಲ. ಈಗ ಅಜ್ಜಿಯ ಭುಜ ಮುಟ್ಟಿದ್ದಳು.

"ನಿಮ್ಮ ಅಳಿಯ ಎಂಥವರು?" ಸರ್ಕಾರಿ ವಕೀಲನ ಪ್ರಶ್ನೆಯನ್ನು ದುಭಾಷಿ ಕನ್ನಡಕ್ಕೆ ತಂದ.

"ದೇವರಂಥವನು" ಎಂದರು ಅತ್ತೆ, ಕಷಾಯ ನುಂಗಿದ ಮುಖದಲ್ಲಿ.

"ಅಂದ್ರೆ, ಕಣ್ಣಿಗೆ ಕಾಣೋದಿಲ್ಲ!" ವಕೀಲ ನಕ್ಕ. "ಹಾಗಾದ್ರೆ ಮಗುವಿನ ವಿಷಯದಲ್ಲಿ ಎಲ್ಲಾ ತೀರ್ಮಾನ ನಿಮ್ಮದೇ, ಅಲ್ವಾ?"

ಅತ್ತೆಯ ಸಹನೆಯ ಕಟ್ಟೆ ಒಡೆಯಿತು.

"ನಂದಾ? ಅವನು ಬಿಟ್ಟರೆ ತಾನೇ! ಯಾವ ಶಾಲೆ, ಯಾವ ಡಾಕ್ಟ್ರು, ಎಲ್ಲಾ ಅವನೇ. ಜಡೆಗೆ ರಿಬ್ಬನ್ ಕಟ್ಟೋಕೂ ಅವನ ಅಪ್ಪಣೆ! ಇವಳು ಇಲ್ಲಿ ಕೆಮ್ಮಿದರೆ ಅಲ್ಲಿಂದ ಫೋನು. ನಾನು ಸಾಕಿದ್ದೇನು ಬಂತು? ಅವನು ಹೇಳಿದ್ದನ್ನ ಮಾಡಿದೀನಿ, ಅಷ್ಟೇ. ಇಂಥ ಉಪದ್ರವದ ಅಳಿಯ ಶತ್ರುವಿಗೂ ಬೇಡ!"

ಡ್ರೈವರ್ ತಲೆಮೇಲೆ ಕೈಹೊತ್ತ. ಕೊನೆಯ ಮಾತಿಗೆ ದುಭಾಷಿ ತಡವರಿಸಿದ.

"ಇದ್ದದ್ದು ಇದ್ದ ಹಾಗೆ ಹೇಳಿ" ಎಂದರು ನ್ಯಾಯಾಧೀಶೆ.

ಹೇಳಿದ. ಅವರು ತುಟಿಯಂಚಿನ ನಗು ಅಡಗಿಸಿಕೊಂಡು, "ಹೊಣೆ ಅಪ್ಪನದೇ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಮೇಲ್ಮನವಿ ಮಂಜೂರು" ಎಂದರು.

ಡ್ರೈವರ್ ಶಿಳ್ಳೆ ಹಾಕಿ ಬೈಸಿಕೊಂಡ. "ಅಪ್ಪಾ!" ಎಂದು ಮಗಳು ಕುಣಿದ ರಭಸಕ್ಕೆ ಪರದೆಯ ತುಂಬ ಅವಳ ಜಡೆಗಳೇ. ಇಸ್ತ್ರಿಯಣ್ಣ ಆ ಉದ್ದ ತೋಳಿನಲ್ಲೇ ಕಣ್ಣು, ಮೂಗು ಎಲ್ಲ ಒರೆಸಿಕೊಂಡು, "ಬೇಗ ಬಾ ಕಂದಾ" ಎಂದ.

"ಇವಳನ್ನೊಬ್ಬಳನ್ನೇ ಕಳಿಸ್ತೀನಿ ಅಂದ್ಕೊಂಡ್ಯಾ?" ಎಂದರು ಅತ್ತೆ. "ನಾನೂ ಬರ್ತಿದೀನಿ."

"ನಿಮಗೆ ವೀಸಾ... ತುಂಬಾ ಕಷ್ಟ ಅತ್ತೇ."

"ಏನು ಕಷ್ಟ? ಹೋಗಿ ಕೇಳಿದೆ, ಕೊಟ್ಟೇಬಿಟ್ಟರು. ಒಂದು ಪ್ರಶ್ನೇನೂ ಕೇಳಲಿಲ್ಲ."

"ನನಗಿರೋದು ಒಂದೂವರೆ ಕೋಣೆ..."

"ಗೊತ್ತು. ಒಂದು ನಮ್ಮಿಬ್ಬರಿಗೆ. ಅರ್ಧ ನಿನಗೆ ಸಾಲದಾ?"

ಇಸ್ತ್ರಿಯಣ್ಣ ಬಾಯಿ ತೆರೆಯುವ ಮೊದಲೇ ಡ್ರೈವರ್ ಪರದೆಗೆ ಕೈಮುಗಿದು, "ಬನ್ನಿ ಅಮ್ಮಾ, ಎಷ್ಟು ದಿನ ಬೇಕಾದ್ರೂ ಇರಿ!" ಎಂದುಬಿಟ್ಟ.