ಸಾಹೇಬನ ವಾಂತಿ

ಎಲ್ಲ ರಾದ್ಧಾಂತಕ್ಕೂ ಕಾರಣ ಅಂಗೈಯಗಲದ ಒಂದು ಕನ್ನಡಿ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳಲು ಇಟ್ಟಿದ್ದ ಅದರ ಹಿಡಿ ಮುರಿದಿತ್ತು. ಅಲ್ಲಿ ಗಾಜು ಉಜ್ಜುವ ಕೆಲಸದವನು ಅದನ್ನು ಮನೆಗೆ ತಂದು ತನ್ನ ಬಡ್ಜಿ ಜಾತಿಯ ಪುಟ್ಟ ಗಿಳಿಯ ಪಂಜರಕ್ಕೆ ಕಟ್ಟಿದ. ಗಂಡ ಹೆಂಡತಿ ಇಬ್ಬರೂ ದಿನವಿಡೀ ಹೊರಗೆ, ಪಾಪ, ಹಕ್ಕಿ ಒಂಟಿ ಎಂಬ ಕನಿಕರ. ಈ ಪುಣ್ಯಾತ್ಮನನ್ನು ಆ ಕಟ್ಟಡದಲ್ಲಿ ಎಲ್ಲರೂ ಕರೆಯುತ್ತಿದ್ದುದು 'ಕನ್ನಡಕ' ಎಂದೇ.

ಗಿಳಿಗೆ ಐದು ವರ್ಷ ತುಂಬಿತ್ತು. ಎದೆ ಸೆಟೆಸಿ ಕೂರುವ ಗತ್ತು ನೋಡಿ ಹೆಂಡತಿ ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದಳು. ಗಂಡ ಉಂಡನೋ ಇಲ್ಲವೋ, ಸಾಹೇಬನ ಕಾಳಿನ ಬಟ್ಟಲು ಮಾತ್ರ ಬರಿದಾಗುವಂತಿರಲಿಲ್ಲ.

ಕನ್ನಡಿ ಕಟ್ಟಿದ ಮೂರನೆಯ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಕನ್ನಡಕ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಸಾಹೇಬ ತಲೆಯನ್ನು ಮೇಲೆ ಕೆಳಗೆ ಆಡಿಸಿ, ಕತ್ತು ಉದ್ದ ಮಾಡಿ, ಅರೆಬರೆ ಅರಗಿದ ಕಾಳನ್ನು ಕನ್ನಡಿಯ ಮೇಲೆ ಕಕ್ಕಿತು. ನಿಮಿಷ ಬಿಟ್ಟು ಮತ್ತೊಮ್ಮೆ. ಕನ್ನಡಕ ಹಾವು ತುಳಿದವನಂತೆ ಒಂಟಿ ಬೂಟಿನಲ್ಲೇ ಮೆಟ್ಟಿಲ ಬಳಿಗೆ ಓಡಿದ.

ಅಲ್ಲಿ ಸಿಕ್ಕವರು ಮೇಲಿನ ಮನೆಯ ಕಾಂಪೌಂಡರ್ ತಾತ. ಆಸ್ಪತ್ರೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ವೈದ್ಯ ಹೇಳುವ ಚಟ ನಿವೃತ್ತಿಯಾಗಿರಲಿಲ್ಲ.

"ಎಷ್ಟು ಸಲ ಆಯ್ತು ವಾಂತಿ?"

"ಎರಡು ಸಲ, ತಾತ."

ತಾತ ಟವೆಲಿನಿಂದ ಮೂಗು ಮುಚ್ಚಿಕೊಂಡು ಎರಡು ಮೆಟ್ಟಿಲು ಹಿಂದೆ ಸರಿದರು. "ಇದು ಸಾಂಕ್ರಾಮಿಕ ಕಣಯ್ಯಾ! ನೀನು ಅದನ್ನ ಮುಟ್ಟಿದೀಯಾ? ಹಂಗಾದ್ರೆ ಮೆಟ್ಟಿಲ ಕಂಬಿ ಮುಟ್ಟಬೇಡ!"

ಕಾಲು ಗಂಟೆಯೊಳಗೆ ಕಡ್ಡಿ ಗುಡ್ಡವಾಯಿತು. ನಾಲ್ಕೂ ಮನೆಯ ಕಿಟಕಿಗಳು ಪಟಪಟನೆ ಮುಚ್ಚಿದವು. ಮನೆಯ ಮಾಲೀಕರು ಅಂಗಳದಲ್ಲಿ ನಿಂತು ಕೂಗಿದರು: "ನೋಡ್ರೀ ಕನ್ನಡಕ, ಸಂಜೆಯೊಳಗೆ ಹಕ್ಕಿಗೆ ರೋಗ ಇಲ್ಲ ಅಂತ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಹಕ್ಕೀನೂ ಬೇಡ, ನೀವೂ ಬೇಡ!"

ಪಂಜರಕ್ಕೆ ದಿಂಬಿನ ಚೀಲ ಹೊದಿಸಿ ಅವನು ಬಸ್ಸು ಹತ್ತಿದ. ಕಾಲಿಡಲೂ ಜಾಗವಿರಲಿಲ್ಲ. "ಏನ್ರೀ ಅದು?" ಎಂದ ಕಂಡಕ್ಟರ್. "ಹಕ್ಕಿ. ವಾಂತಿ ಮಾಡ್ತಿದೆ" ಎಂದ ಇವನು, ಸುಳ್ಳು ಹೇಳಲು ಬಾರದೆ. ಅರ್ಧ ಬಸ್ಸು ಮುಂದಿನ ಬಾಗಿಲಿಗೆ ನುಗ್ಗಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೂರಲು ಮಾತ್ರ ಆಗಲಿಲ್ಲ. ಹೆಂಡತಿಗೆ ಏನು ಹೇಳುವುದು? ಚೀಲ ಎತ್ತಿ ನೋಡುವನು, ಮುಚ್ಚುವನು, ಮತ್ತೆ ಎತ್ತುವನು. ಈ ನಡುವೆ ಅಂಗಡಿಯ ಧಣಿಯ ಫೋನು. "ಹಕ್ಕಿಗೆ ವಾಂತಿಯಾದ್ರೆ ನಿನಗ್ಯಾಕಯ್ಯಾ ರಜ?"

ಹಕ್ಕಿಗಳ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಸಾಹೇಬನನ್ನು ತೂಗಿದಳು, ಮೂವತ್ತೆಂಟು ಗ್ರಾಂ. ಕೊಕ್ಕಿನ ಮೇಲಿನ ನೀಲಿ ಮೂಗು, ಹಿಕ್ಕೆ, ರೆಕ್ಕೆಯಡಿ ಎಲ್ಲ ನೋಡಿದಳು.

"ಗಂಡು. ವಾಂತಿ ಮಾಡುವಾಗ ತಲೆಯನ್ನ ಅಡ್ಡಡ್ಡ ಒದರಿ ಎಲ್ಲಾ ಕಡೆ ಸಿಡಿಸ್ತಾ? ಪುಕ್ಕ ಉಬ್ಬಿಸ್ಕೊಂಡು ತೂಕಡಿಸ್ತಾ?"

"ಇಲ್ಲಮ್ಮಾ. ಹೌದು ಹೌದು ಅನ್ನೋ ಹಾಗೆ ತಲೆ ಆಡಿಸಿ, ನೀಟಾಗಿ ಕನ್ನಡಿ ಮೇಲೇ ಇಡುತ್ತೆ."

ಡಾಕ್ಟರು ನಕ್ಕುಬಿಟ್ಟಳು. "ಇದು ರೋಗ ಅಲ್ಲ, ಪ್ರೀತಿ! ಕನ್ನಡೀಲಿರೋದು ತನ್ನ ಜೋಡಿ ಅಂದ್ಕೊಂಡಿದೆ. ಪ್ರಾಯದ ಗಂಡು ಬಡ್ಜಿ ತಾನು ತಿಂದದ್ದನ್ನೇ ತೆಗೆದು ಜೋಡಿಗೆ ತುತ್ತು ಕೊಡುತ್ತೆ. ಕನ್ನಡಿ ತೆಗೀರಿ. ದಿನಾ ಒಂದಷ್ಟು ಹೊತ್ತು ಹೊರಗೆ ಬಿಟ್ಟು ಮಾತಾಡ್ಸಿ, ಸೊಪ್ಪು ಕೊಡಿ. ಅದಕ್ಕೆ ಬೇಕಿರೋದು ಜೊತೆ."

ಕನ್ನಡಕ ಅಷ್ಟನ್ನೂ ಬರೆಸಿಕೊಂಡು, ಹೋದ ಜೀವ ಬಂದವನಂತೆ ಹಿಂದಿರುಗಿದ.

ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಕೆಲಸದಿಂದ ಬಂದ ಹೆಂಡತಿ ಪಂಜರಕ್ಕೆ ಕೆನ್ನೆಯೊತ್ತಿ ನಿಂತಳು. ಅವನು ಚೀಟಿಯನ್ನು ಗಟ್ಟಿಯಾಗಿ ಓದಿದ. 'ಪ್ರಾಯದ ಗಂಡು ತಾನು ತಿಂದದ್ದನ್ನೇ ತೆಗೆದು ಜೋಡಿಗೆ ಕೊಡುತ್ತದೆ' ಎಂಬ ಸಾಲು ಬಂದಾಗ ಹೆಂಗಸರೆಲ್ಲ ಒಮ್ಮೆಲೇ ತಂತಮ್ಮ ಗಂಡಂದಿರ ಕಡೆ ತಿರುಗಿದರು.

"ಇನ್ನೊಂದ್ಸಲ ಓದಪ್ಪಾ" ಎಂದರು ಮಾಲೀಕರ ಹೆಂಡತಿ.

ಅವನು ಉತ್ಸಾಹದಿಂದ ಮತ್ತೆ ಓದಿದ. ಮಾಲೀಕರು ತಪ್ಪಾಯಿತೆಂಬಂತೆ ಅವನ ಬೆನ್ನು ತಟ್ಟಿದರು. ಕನ್ನಡಕ ಗೆದ್ದ ಎತ್ತಿನಂತೆ ತಲೆಯೆತ್ತಿ ಮನೆಗೆ ನಡೆದ.

ಒಂದು ಗಂಟೆ ಕಳೆದಿರಬಹುದು. ಬಾಗಿಲು ದಬದಬ ಸದ್ದು ಮಾಡಿತು. ಹೊರಗೆ ಮಾಲೀಕರು ಮತ್ತು ಕಾಂಪೌಂಡರ್ ತಾತ. ಇಬ್ಬರ ಮುಖವೂ ಬಾಡಿತ್ತು.

"ಏನ್ರೀ ಮಾಡಿಟ್ರಿ?" ಮಾಲೀಕರು ಪಿಸುಗುಟ್ಟಿದರು. "ನಮ್ಮವಳು ತಟ್ಟೆ ಮುಂದೆ ಬಾಯಿ ತೆರ್ಕೊಂಡು ಕೂತಿದಾಳೆ. ಮೂವತ್ತು ವರ್ಷದಲ್ಲಿ ಒಂದು ತುತ್ತಾದ್ರೂ ಕೊಟ್ಟಿದೀರಾ ಅಂತಾಳೆ!"

"ನಮ್ಮಲ್ಲಿ ಒಲೇನೇ ಹಚ್ಚಿಲ್ಲ" ಎಂದರು ತಾತ. "ಮೂವತ್ತೆಂಟು ಗ್ರಾಂ ಹಕ್ಕಿಗಿರೋ ಬುದ್ಧಿ ಎಂಬತ್ತು ಕೆಜಿ ಗಂಡಂಗೆ ಇಲ್ವಲ್ಲ ಅಂತ ಅಳ್ತಿದಾಳೆ."

"ಅದಕ್ಕೆ ನಾನೇನು ಮಾಡ್ಲಿ ಸಾರ್?"

"ನಾಳೆ ಬೆಳಿಗ್ಗೇನೇ ಆ ಡಾಕ್ಟ್ರ ಹತ್ರ ಹೋಗಿ, ಇದು ಪ್ರೀತಿ ಅಲ್ಲ, ರೋಗಾನೇ ಅಂತ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ!"

ಕನ್ನಡಕ ದಿಕ್ಕು ತೋಚದೆ ಹಿಂದಿರುಗಿ ನೋಡಿದ. ಹೆಂಡತಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಭುಜದ ಮೇಲೆ ಸಾಹೇಬ. ಮುಂದೆ ಖಾಲಿ ತಟ್ಟೆ.

"ಅವರನ್ನ ಆಮೇಲೆ ಮಾತಾಡ್ಸಿ" ಎಂದಳು ಅವಳು. "ಮೊದ್ಲು ಅಡುಗೆಗೆ ಏನಿದೆ ಅಂತ ಹೋಗಿ ನೋಡಿ."