ಇಬ್ರಾಹಿಂಪುರ ಪೇಟೆಯಲ್ಲಿ ಕಸ ಸಿಗದಿರುವ ಬಗ್ಗೆ

ಬೀದಿ, ಬಗೀಚೆ ಹಾಗೂ ಕಸದ ಶಾಖೆ
(ಶಾಖೆಯ ಹೆಸರು ಇನ್ನೂ ಮಂಜೂರಾಗಿಲ್ಲ)
ವಿಜಾಪುರ

ಜಾವಕ ನಂಬರು: ಕಸ/೪೧/೪೫
ತಾರೀಖು: ೧೮ ಜೂನ್ ೧೯೪೫

(ಕಾಗದದ ಅಭಾವದ ನಿಮಿತ್ತ ಈ ಸುತ್ತೋಲೆಯನ್ನು ೧೯೩೩ರ ಹಂದಿ ಹಿಡಿಯುವ ಸುತ್ತೋಲೆಯ ಬೆನ್ನಿಗೆ ಬರೆಯಲಾಗಿದೆ. ಆ ಬದಿಯನ್ನು ಯಾರೂ ಓದತಕ್ಕದ್ದಲ್ಲ. ಓದಿದವರು ಅದರಂತೆ ನಡೆಯತಕ್ಕದ್ದಲ್ಲ.)

ವಿಷಯ: ಪೇಟೆಯಲ್ಲಿ ಸಾಕಷ್ಟು ಕಸ ಹುಟ್ಟದಿರುವುದು, ಎರವಲು ತಂದ ತಿಪ್ಪೆ, ಮುಕಾದಮ ಶಂಕ್ರೆಪ್ಪನ ಹುದ್ದೆ ಇರುವುದೋ ಹೋಗುವುದೋ ಎಂಬುದು.

ಓದಲಾಗಿದೆ: (ಅ) ಹೆಚ್ಚು ಧಾನ್ಯ ಬೆಳೆಯುವ ಬಗ್ಗೆ ಮೇಲಿನ ಕಚೇರಿಯ ಹುಕುಮು. (ಬ) ಶಂಕ್ರೆಪ್ಪನು ಹೇಳಿ ಬರೆಯಿಸಿದ ದಿನವಹಿ. ಇದರಲ್ಲಿ ಹದಿನೇಳು ದಿನ "ಚಕ್ಕಡಿ ಬರಿದು" ಎಂದಿದೆ. (ಕ) ಒಕ್ಕಲಗಿತ್ತಿ ಲಕ್ಕವ್ವನವರ ತಕರಾರು. ಇದು ಬಾಯಿಮಾತಿನದಾದ್ದರಿಂದ ಓದಲಾಗಿಲ್ಲ, ಕಚೇರಿಯ ಮೂರೂ ಕೋಣೆಗಳಲ್ಲಿ ಕೇಳಲಾಗಿದೆ.

ಹಕೀಕತ್ತು

೧. ಊರಿನ ಕಸವನ್ನೆಲ್ಲ ಕೂಡಿಸಿ, ಗುಂಡಿಯಲ್ಲಿ ಕೊಳೆಸಿ, ಗೊಬ್ಬರ ಮಾಡಿ ರೈತರಿಗೆ ಹಂಚಬೇಕೆಂದು ಹುಕುಮಾದದ್ದು ಸರ್ವರಿಗೂ ತಿಳಿದಿದೆ. ಅದರಂತೆ ಬಗೀಚೆಯ ಹಿಂದೆ ಮೂವತ್ತು ಅಡಿ ಉದ್ದದ ಗುಂಡಿಯನ್ನು ತೋಡಲಾಯಿತು. ಇಬ್ರಾಹಿಂಪುರ ಪೇಟೆಗೆ ಒಂದು ಚಕ್ಕಡಿ, ಎರಡು ಎತ್ತು, ಅವುಗಳ ಮೇಲೆ ಒಬ್ಬ ಮುಕಾದಮ ಎಂದು ನೇಮಕವಾಯಿತು. ಹನ್ನೊಂದು ವರ್ಷ ಹಂಗಾಮಿಯಾಗಿ ಬೀದಿ ಗುಡಿಸಿದ ಶಂಕ್ರೆಪ್ಪನಿಗೆ ಆ ಹುದ್ದೆ ಸಿಕ್ಕಿ, ಜೊತೆಗೆ ಜನ್ಮದ ಮೊದಲ ಹಿತ್ತಾಳೆ ಬಿಲ್ಲೆಯೂ ಸಿಕ್ಕಿತು. ಅದನ್ನು ಅವನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾನೆಂಬುದೂ ಎತ್ತುಗಳಿಗೂ ಒಮ್ಮೆ ತೋರಿಸಿ ಎದೆಗೆ ಹಾಕಿಕೊಳ್ಳುತ್ತಾನೆಂಬುದೂ ಕಚೇರಿಯ ಗಮನಕ್ಕೆ ಬಂದಿದೆ.

೨. ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಕೂಡಿ ಇಪ್ಪತ್ತು ಚಕ್ಕಡಿ ಕಸ ಗುಂಡಿಗೆ ಬೀಳದಿದ್ದಲ್ಲಿ ಎತ್ತು, ಚಕ್ಕಡಿಗಳನ್ನು ಹಿಂದಕ್ಕೆ ಪಡೆದು ಮುಕಾದಮನ ಹುದ್ದೆಯನ್ನೂ ರದ್ದುಪಡಿಸಲಾಗುವುದೆಂದು ಅದೇ ಹುಕುಮಿನ ಕೊನೆಯ ಸಾಲಿನಲ್ಲಿತ್ತು. ಕೊನೆಯ ಸಾಲಾದ್ದರಿಂದ ಅದು ಶಂಕ್ರೆಪ್ಪನಿಗೆ ತಿಳಿದದ್ದು ಬಿಲ್ಲೆ ಹಾಕಿಕೊಂಡ ಎರಡು ದಿನಗಳ ಮೇಲೆ.

೩. ಮೊದಲ ಹದಿನೇಳು ದಿನ ಚಕ್ಕಡಿಯು ಗಂಟೆ ಬಾರಿಸುತ್ತ ಹೋಗಿ ಗಂಟೆ ಬಾರಿಸುತ್ತಲೇ ಬರಿದಾಗಿ ಬಂತು. ವಿಚಾರಿಸಲಾಗಿ, ಪೇಟೆಯಲ್ಲಿ ಕಸವೇ ಇಲ್ಲವೆಂದು ಕಂಡುಬಂದಿದೆ. ಸಿಪ್ಪೆ ಆಡಿಗೆ, ಬೂದಿ ಪಾತ್ರೆಗೆ, ಹರಕು ಸೀರೆ ಕೌದಿಗೆ, ಕೌದಿ ಹರಿದರೆ ಎಮ್ಮೆಯ ಬೆನ್ನಿಗೆ, ಒಡೆದ ಕೊಡ ತುಳಸಿಗೆ, ಉಳಿದದ್ದೆಲ್ಲ ಮನೆ ಮುಂದಿನ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಚಮನಸಾಬನ ಟಾಂಗಾದ ಕುದುರೆ ಬೀದಿಯಲ್ಲಿ ಹಾಕುವ ಲದ್ದಿಯಾದರೂ ಸಿಕ್ಕೀತೆಂದು ಶಂಕ್ರೆಪ್ಪನು ಟಾಂಗಾದ ಬೆನ್ನು ಹತ್ತಿದನು. ಆದರೆ ಅಲ್ಲಿ ಪ್ರತಿಯೊಂದು ಲದ್ದಿಯ ಮೇಲೂ ಒಂದೊಂದು ಕಡ್ಡಿ ನೆಟ್ಟಿತ್ತು. ಕಡ್ಡಿ ನೆಟ್ಟವರದೇ ಲದ್ದಿ ಎಂಬುದು ಪೇಟೆಯ ರೂಢಿ. ನೆಟ್ಟವರು ಬುಟ್ಟಿ ತರಲು ಮನೆಗೆ ಹೋಗಿರುತ್ತಾರೆ. ಒಂದು ಕಡ್ಡಿಗೆ ಕೈ ಹಾಕಿದ ಮುಕಾದಮನಿಗೆ ಕುರಿ ಸಾಕುವ ಬೋರವ್ವ ಎಂಬಾಕೆ ಅಂದದ್ದನ್ನು ಪಂಚರ ಸಮಕ್ಷಮ ಬರೆದುಕೊಳ್ಳಲಾಗಿದೆ:

"ಏ ಬಿಲ್ಲೆಪ್ಪಾ, ಕಣ್ಣ ಕಾಣಂಗಿಲ್ಲೇನು? ಆ ಕಡ್ಡಿ ನಂದೈತಿ. ಕುದರಿ ಬಾಲ ಎತ್ತೂದ್ರಾಗ ನಾ ಇಲ್ಲಿ ಬಂದ ನಿಂತೀನಿ!"

ಚಮನಸಾಬನು ಟಾಂಗಾದ ಮೇಲಿಂದಲೇ, "ಜಗಳಾ ಮಾಡಬ್ಯಾಡ್ರಿ, ನಾಳಿಗೂ ಇದಽ ಹೊತ್ತಿಗೆ ಬರ್ತೀವಿ" ಎಂದು ತನ್ನ ಪರವಾಗಿಯೂ ಕುದುರೆಯ ಪರವಾಗಿಯೂ ಸಮಾಧಾನ ಹೇಳಿದನು.

೪. ಮನೆಮನೆಗೆ ಹೋಗಿ ಕೇಳಲಾಗಿ ಇನ್ನೂ ತೊಡಕಾಯಿತು. "ಕಸಾ ಐತೇನ್ರಿ ಯವ್ವಾ?" ಎಂಬ ಪ್ರಶ್ನೆಯನ್ನು ಹೆಣ್ಣುಮಕ್ಕಳು ತಮ್ಮ ಮನೆವಾರ್ತೆಯ ಮೇಲಿನ ಅಪವಾದವೆಂದು ತಿಳಿದರು. ಮುರಿಗೆವ್ವನವರು, "ಕಸಾ? ನಮ್ಮನ್ಯಾಗ? ಯಾವಾಕಿ ಹೇಳ್ಯಾಳ ನಿನಗ?" ಎಂದು ಕೇಳಿ, ಹೇಳಿದವಳ ಹೆಸರು ಸಿಗುವತನಕ ಎತ್ತಿನ ಹಗ್ಗ ಬಿಡೆನೆಂದರು. ಹೆಸರು ಇಲ್ಲದ್ದರಿಂದ ಚಕ್ಕಡಿ ಆ ದಿನ ಅಲ್ಲೇ ಉಳಿಯಿತು.

೫. ಕಚೇರಿಯ ಕಸವನ್ನಾದರೂ ಒಯ್ಯಬಹುದೆಂಬ ಸಲಹೆಯನ್ನು ಪರಿಶೀಲಿಸಲಾಗಿದೆ. ದಫ್ತರದ ಕಾಗದವನ್ನು ಹನ್ನೆರಡು ವರ್ಷ ಕಾಯತಕ್ಕದ್ದು. ಆಮೇಲೆ ಅದರ ಬೆನ್ನಿಗೆ ಬರೆದು ಮತ್ತೆ ಹನ್ನೆರಡು ವರ್ಷ ಕಾಯತಕ್ಕದ್ದು. ಆದಾಗ್ಯೂ ಹೆಡ್ ಕಾರಕೂನ ಗುರುಪಾದಯ್ಯನವರು ಪೆನ್ಸಿಲ್ ಹೆರೆದ ಸಿಪ್ಪೆಯನ್ನು ಒಂದು ಹಿಡಿ ಕೊಟ್ಟು ಶಂಕ್ರೆಪ್ಪನ ಹೆಬ್ಬೆಟ್ಟಿನ ಸಹಿ ಪಡೆದರು. ಗುಂಡಿಗೆ ಒಯ್ಯುವ ದಾರಿಯಲ್ಲಿ ಗಾಳಿ ಅದನ್ನು ಒಯ್ದಿತು. ಗಾಳಿಯಿಂದ ಸಹಿ ಪಡೆಯಲಾಗಿಲ್ಲ.

೬. ಹದಿನೆಂಟನೆಯ ದಿನ ಶಂಕ್ರೆಪ್ಪನು ರೈಲು ಹಳಿಯ ಬದಿಗೆ ಲಕ್ಕವ್ವನವರ ಮನೆಯೆದುರು ಚಕ್ಕಡಿ ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತನು. ಮುಂದೆಯೇ ಆಕೆಯ ತಿಪ್ಪೆ ಇತ್ತು: ಒಂದು ವರ್ಷದ ಸಗಣಿ, ಬೂದಿ, ಜೋಳದ ಕಣಿಕೆಯ ತುಣುಕು, ಎದೆಮಟ್ಟ ಎತ್ತರ, ಅಂಚು ಬಡಿದು ಸಮ ಮಾಡಿದ್ದು, ದೀಪಾವಳಿಯಲ್ಲಿ ದೀಪ ಹಚ್ಚಿಸಿಕೊಂಡದ್ದು. ಆತ ಅದನ್ನು ನೋಡಿದ ರೀತಿ ಆಕೆಗೆ ಸರಿಬರಲಿಲ್ಲ. ಮುಂದಿನ ಮಾತುಗಳನ್ನು ಇಬ್ಬರ ಜಬಾನಿ ಹೇಳಿಕೆಯನ್ನೂ ತಾಳೆ ನೋಡಿ ಬರೆಯಲಾಗಿದೆ:

"ನನ್ನ ತಿಪ್ಪಿ ಮ್ಯಾಲ ಯಾಕ ಕಣ್ಣ ಇಟ್ಟೀಯೋ ಯಪ್ಪಾ?"

"ಕಣ್ಣ ಇಟ್ಟಿಲ್ರಿ ಯವ್ವಾ. ಮೇ ಮುಗಿಯೂದ್ರಾಗ ಇಪ್ಪತ್ತ ಚಕ್ಕಡಿ ಕಸಾ ತೋರಸಬೇಕಾಗೈತ್ರಿ. ಇಲ್ಲಾಂದ್ರ ಎತ್ತು ಹೋಗ್ತಾವು, ಬಿಲ್ಲಿ ಹೋಗತೈತಿ, ನಾನೂ ಹೋಗ್ತೀನಿ."

"ಇದಕ್ಕ ಕಸಾ ಅಂತೀಯಾ? ನಾಲಿಗಿ ಬಿಗಿ ಹಿಡಿ! ನನ್ನ ನಾಲ್ಕೆಕ್ರಿ ಹೊಲದ ಊಟ ಐತಿದು."

"ಅನ್ನಂಗಿಲ್ರಿ, ತಪ್ಪಾತು."

ಆ ಮೇಲೆ ಲಕ್ಕವ್ವನವರು ಎತ್ತುಗಳನ್ನು ಹಲ್ಲು ಬಿಡಿಸಿ ನೋಡಿದರೆಂದು ತಿಳಿದಿದೆ. ಆಕೆಗೆ ತಿಪ್ಪೆ ಇದೆ, ಎತ್ತು ಒಂದೇ. ಅದರ ಜೋಡಿ ಎತ್ತು ನಿಡೋಣಿ ಊರಿನಲ್ಲಿರುವ ಆಕೆಯ ತಮ್ಮನದು. ತಮ್ಮನ ಹೊಲ ಮುಗಿಯದೆ ಅದು ಇತ್ತ ಬರುವಂತಿಲ್ಲ. ಶಂಕ್ರೆಪ್ಪನಿಗೆ ಜೋಡಿ ಎತ್ತು ಇವೆ, ತಿಪ್ಪೆ ಇಲ್ಲ.

"ಹಂಗಾರ ಒಂದ ಕೆಲಸಾ ಮಾಡು. ನಿನ್ನ ಗುಂಡ್ಯಾಗ ನಾಕ ದಿನಾ ಇಟ್ಕೊಂಡ ತೋರಸು. ಬೀಗರ ಮನಿಗೆ ಹೋದಂಗ ಹೋಗಿ ಬರ್ಲಿ. ಆದ್ರ ರೋಹಿಣಿ ಮಳಿ ಬೀಳೂದ್ರಾಗ ನಿನ್ನ ಚಕ್ಕಡಿ ಮ್ಯಾಲನಽ ನನ್ನ ಹೊಲಕ್ಕ ಬಂದ ಬಿದ್ದಿರಬೇಕು. ಒಂದ ಬುಟ್ಟಿ ಕಡಿಮಿ ಆತಂದ್ರ ನಿನ್ನ ಎತ್ತ ನನ್ನ ಗ್ವಾದಲ್ಯಾಗ ಇರ್ತಾವ ನೋಡು."

"ಆತ್ರಿ ಯವ್ವಾ. ಮಾತಂದ್ರ ಮಾತು."

೭. ಈ ಪ್ರಕಾರ ಇಪ್ಪತ್ತೆರಡು ಚಕ್ಕಡಿ ತಿಪ್ಪೆ ಗುಂಡಿಗೆ ಬಿತ್ತು. ಮೇ ಇಪ್ಪತ್ತೊಂದಕ್ಕೆ ಮೇಲಿನ ಕಚೇರಿಯ ಸಾಹೇಬರು ತಪಾಸಣೆಗೆ ಬಂದು, ಗುಂಡಿಯ ದಂಡೆಯಲ್ಲಿ ನಿಂತು, ಮೂಗಿನಿಂದ ಕರವಸ್ತ್ರ ತೆಗೆದು, ಕೂಡಲೇ ಮತ್ತೆ ಇಟ್ಟುಕೊಂಡು, "ಉತ್ತಮ ದರ್ಜೆಯ ಶಹರದ ಕಸ" ಎಂದು ಷರಾ ಬರೆದರು. ಇಷ್ಟಕ್ಕೇ ಬಿಟ್ಟಿದ್ದರೆ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ. ಸಂತೋಷದ ಭರದಲ್ಲಿ ಅವರು ಗುಂಡಿಯ ಸುತ್ತ ದಾರ ಬಿಗಿಸಿ, ನಾಲ್ಕು ಗೂಟಗಳಿಗೂ ಅರಗಿನ ಮೊಹರು ಹಾಕಿಸಿ, ಆರು ತಿಂಗಳು ಇದು ಕೊಳೆಯತಕ್ಕದ್ದು, ಯಾರೂ ಮುಟ್ಟತಕ್ಕದ್ದಲ್ಲ, ಮೊಹರು ಒಡೆದಲ್ಲಿ ಮುಕಾದಮನ ಹುದ್ದೆ ಅಂದೇ ರದ್ದು ಎಂದು ಹುಕುಮು ಮಾಡಿ ಹೋದರು.

೮. ಮೇ ಇಪ್ಪತ್ತೆಂಟಕ್ಕೆ ಪಡುವಣದಲ್ಲಿ ಮೋಡ ಕಾಣಿಸಿತು. ಲಕ್ಕವ್ವನವರೂ ಕಚೇರಿಯಲ್ಲಿ ಕಾಣಿಸಿದರು. ಗುರುಪಾದಯ್ಯನವರು ಅರಗು, ಮೊಹರು, ಆರು ತಿಂಗಳು ಇತ್ಯಾದಿ ತಿಳಿಸಿ ಹೇಳಲಾಗಿ, ಆಕೆಯ ಉತ್ತರ:

"ನನ್ನ ಎಮ್ಮಿ ಹಾಕಿದ್ದಕ್ಕ ನಿಮ್ಮ ಅರಗ ಯಾಕ್ರಿ ಅಯ್ಯನವರಽ? ಆರ ತಿಂಗಳಂದ್ರ ಜ್ವಾಳ ಮೊಣಕಾಲಮಟ ಬಂದಿರ್ತಾವು. ಆಗ ಗೊಬ್ಬರ ಎಲ್ಲಿ ಹಾಕ್ಲಿ? ನಿಮ್ಮ ಮೇಜಿನ ಮ್ಯಾಲ ಹಾಕ್ಲೇನು?"

ತಿಪ್ಪೆ ಆಕೆಯದೇ ಎಂಬುದಕ್ಕೆ ಕಾಗದವೇನಾದರೂ ಇದೆಯೇ ಎಂದು ಕೇಳಲಾಯಿತು. "ಕಾಗದ ಅಕಾ ಅಲ್ಲಿ ನಿಂತೈತಿ, ಕೇಳ್ರಿ" ಎಂದು ಆಕೆ ಬಾಗಿಲ ಹೊರಗಿದ್ದ ಶಂಕ್ರೆಪ್ಪನತ್ತ ಕೈ ಮಾಡಿದರು. ಅಲ್ಲವೆಂದು ಒಂದು ಮಾತು ಅಂದಿದ್ದರೆ ಅವನ ಹುದ್ದೆ ಉಳಿಯುತ್ತಿತ್ತು. ಹೌದೆಂದಿದ್ದರೆ ಆಕೆಯ ಹೊಲ ಉಳಿಯುತ್ತಿತ್ತು. ಶಂಕ್ರೆಪ್ಪನು ಬಿಲ್ಲೆಯನ್ನು ಬೆರಳಿನಿಂದ ತಿರುವುತ್ತ ನಿಂತನೆಂದು ನಮೂದಿಸಲಾಗಿದೆ. ಲಕ್ಕವ್ವನವರು ಅವನ ಮುಖ ನೋಡಿ, ಸೆರಗು ಹೊದ್ದು, ಬಯ್ಯದೆ ಹೋದರು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತೆಂದು ಅವನ ಜಬಾನಿಯಲ್ಲಿದೆ.

೯. ಮರುದಿನ ಬೆಳಿಗ್ಗೆ ಶಂಕ್ರೆಪ್ಪನು ನಾಲ್ಕೂ ಮೊಹರು ಒಡೆದನು. ನಾಲ್ಕು ದಿನ, ಹಾಡಹಗಲೇ, ಕಚೇರಿಯ ಮುಂದಿನಿಂದಲೇ, ಗಂಟೆ ಬಾರಿಸುತ್ತ ತಿಪ್ಪೆ ಸಾಗಿಸಿದನು. ತುಂಬಿದ ಚಕ್ಕಡಿಯನ್ನು ಕಂಡು ಕಚೇರಿಯವರೆಲ್ಲ ಸಂತೋಷಪಟ್ಟರು. ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದನ್ನು ಯಾರೂ ನೋಡಲಿಲ್ಲ. ಬೋರವ್ವ ಹೇರಲು ಕೈ ಹಚ್ಚಿದಳು. ಐದನೆಯ ದಿನ ಮಳೆ ಬಿತ್ತು. ಶಂಕ್ರೆಪ್ಪನು ತೊಯ್ದ ಮೈಯಲ್ಲಿ ಬಂದು ಬಿಲ್ಲೆಯನ್ನು ಗುರುಪಾದಯ್ಯನವರ ಮೇಜಿನ ಮೇಲೆ ಇಟ್ಟನು:

"ಮೊಹರ ನಾನಽ ಒಡದೀನ್ರಿ. ಇಪ್ಪತ್ತೆರಡೂ ಚಕ್ಕಡಿ ಆಕಿ ಹೊಲಕ್ಕ ಹಾಕೀನ್ರಿ. ಎತ್ತಿಗೆ ನೀರ ಕುಡಿಸೀನಿ. ಇಷ್ಟಽ ಹೇಳೂದಿತ್ತು."

೧೦. ಗುರುಪಾದಯ್ಯನವರು ಮೇಲಿನ ಕಚೇರಿಗೆ ವರದಿ ಬರೆಯಲು ತಖ್ತೆ ತೆಗೆದರು. ತಖ್ತೆಯಲ್ಲಿ ಹದಿನಾಲ್ಕು ಕಾಲಮುಗಳಿವೆ. ಮೊಹರು ಒಡೆದದ್ದಕ್ಕೆ ಕಾಲಮು ಇಲ್ಲ. ಮಾತು ಉಳಿಸಿಕೊಂಡದ್ದಕ್ಕೂ ಇಲ್ಲ. ಒಂಬತ್ತನೆಯದು "ರೈತರಿಗೆ ಹಂಚಿದ ಗೊಬ್ಬರ, ಚಕ್ಕಡಿಗಳಲ್ಲಿ" ಎಂಬುದು. ಲಕ್ಕವ್ವನವರು ರೈತರು ಹೌದೋ ಅಲ್ಲವೋ ಎಂದು ಗುರುಪಾದಯ್ಯನವರು ಬಹಳ ಹೊತ್ತು ಯೋಚಿಸಿ, ಹೌದೆಂದು ಕಂಡುಬಂದದ್ದರಿಂದ ಇಪ್ಪತ್ತೆರಡು ಎಂದು ಬರೆದರು. ಅದರಲ್ಲಿ ಸುಳ್ಳೇನೂ ಇಲ್ಲವೆಂದು ಎರಡನೆಯ ಸಲವೂ ಓದಿ ನೋಡಿ ಖಾತ್ರಿ ಮಾಡಿಕೊಂಡರು.

೧೧. ಜೂನ್ ಹದಿನೈದಕ್ಕೆ ಉತ್ತರ ಬಂತು. ಬೇರೆ ಯಾವ ಪೇಟೆಯೂ ಒಂಬತ್ತನೆಯ ಕಾಲಮಿನಲ್ಲಿ ಸೊನ್ನೆ ಬಿಟ್ಟು ಏನನ್ನೂ ಬರೆದಿಲ್ಲವಾದ್ದರಿಂದ ಶಾಖೆಯನ್ನು ಪ್ರಶಂಸಿಸಲಾಗಿದೆ. ಮೊಹರಿನ ಮಾತು ಉತ್ತರದಲ್ಲಿ ಎಲ್ಲಿಯೂ ಇಲ್ಲ. ಮುಕಾದಮನ ಹುದ್ದೆಯನ್ನು ಕಾಯಂ ಮಾಡಲಾಗಿದೆ. ಬರುವ ವರ್ಷ ನಲವತ್ತು ಚಕ್ಕಡಿ ಹಂಚತಕ್ಕದ್ದೆಂದು ಆಶಿಸಲಾಗಿದೆ. ಆಶೆಯ ಕೆಳಗೆ ಎರಡು ಗೆರೆ ಎಳೆಯಲಾಗಿದೆ.

ಆದ್ದರಿಂದ ಸರ್ವರಿಗೂ ಕೆಳಕಂಡಂತೆ ತಾಕೀತು ಮಾಡಲಾಗಿದೆ

೧೨. ಪ್ರತಿ ಮನೆಯವರು ದಿನಕ್ಕೆ ಒಂದು ಬುಟ್ಟಿ ಕಸ ಹುಟ್ಟಿಸತಕ್ಕದ್ದು. ಹುಟ್ಟದಿದ್ದಲ್ಲಿ ಕಾರಣ ಬರೆದುಕೊಡತಕ್ಕದ್ದು. ಆ ಅರ್ಜಿಯನ್ನು ಕಸವೆಂದು ಎಣಿಸಲಾಗದು.

೧೩. ಲದ್ದಿಯ ಮೇಲೆ ನೆಡುವ ಕಡ್ಡಿಯು ಒಂದು ಗೇಣು ಉದ್ದವಿರತಕ್ಕದ್ದು. ಬಗೀಚೆಯ ಗಿಡದಿಂದ ಮುರಿದದ್ದಾಗಿರಕೂಡದು. ಖಾಲಿ ಬೀದಿಯಲ್ಲಿ ಮುಂಗಡವಾಗಿ ಕಡ್ಡಿ ನೆಟ್ಟು ಕುದುರೆಯ ದಾರಿ ಕಾಯುವುದನ್ನು ನಿಷೇಧಿಸಲಾಗಿದೆ. ಎರಡು ಕಡ್ಡಿಗಳ ನಡುವೆ ಬಿದ್ದದ್ದರ ಬಗ್ಗೆ ಚಮನಸಾಬನ ಮಾತೇ ಕೊನೆ. ಕುದುರೆಯನ್ನು ಸಾಕ್ಷಿಗೆ ಕರೆಯಕೂಡದು.

೧೪. ಎರವಲು ಬಂದ ತಿಪ್ಪೆಯು ಗುಂಡಿಯಲ್ಲಿರುವತನಕ ಶಾಖೆಯ ಅತಿಥಿ. ಒಬ್ಬರ ತಿಪ್ಪೆ ಇನ್ನೊಬ್ಬರದರೊಡನೆ ಬೆರೆಯದಂತೆ ನಡುವೆ ಹಲಗೆ ನಿಲ್ಲಿಸತಕ್ಕದ್ದು. ಒಡತಿಯರು ವಾರಕ್ಕೊಮ್ಮೆ ಬಂದು ತಮ್ಮ ತಿಪ್ಪೆಯನ್ನು ನೋಡಿಹೋಗಬಹುದು. ಪಕ್ಕದವರ ತಿಪ್ಪೆಯ ಬಗ್ಗೆ ಅಭಿಪ್ರಾಯ ಹೇಳಕೂಡದು.

೧೫. ಮುಕಾದಮನು ಇನ್ನು ಮುಂದೆ ಮನೆಗಳ ಮುಂದೆ "ಕಸ" ಎಂಬ ಪದ ಬಳಸತಕ್ಕದ್ದಲ್ಲ. "ಮನ್ಯಾಗ ಬ್ಯಾಡಾದದ್ದ ಏನರೆ ಐತೇನ್ರಿ?" ಎಂದು ಕೇಳತಕ್ಕದ್ದು. ಆಗ ಅತ್ತೆಯು ಸೊಸೆಯನ್ನು ಅಥವಾ ಸೊಸೆಯು ಅತ್ತೆಯನ್ನು ತೋರಿಸಿದಲ್ಲಿ ಚಕ್ಕಡಿ ನಿಲ್ಲಿಸದೆ ಮುಂದಕ್ಕೆ ಹೋಗತಕ್ಕದ್ದು.

೧೬. ಬಗೀಚೆಯ ಗಿಡಗಳಿಂದ ಉದುರುವ ಎಲೆ ಶಾಖೆಯದು. ಅದು ಉದುರುವ ಮೊದಲೇ ಬೋರವ್ವನ ಕುರಿಗಳು ನಿಂತು ನೋಡುವುದನ್ನು ಆಕ್ಷೇಪಿಸಲಾಗಿದೆ.

ಗುರುಪಾದಯ್ಯ
ಹೆಡ್ ಕಾರಕೂನ
ಶಾಖಾಧಿಕಾರಿಗಳ ಪರವಾಗಿ
(ಶಾಖಾಧಿಕಾರಿಗಳ ಹುದ್ದೆಯೂ ಇನ್ನೂ ಮಂಜೂರಾಗಿಲ್ಲ)

ಪ್ರತಿಗಳು:

ಮೇಲಿನ ಕಚೇರಿಗೆ: ವಿಷಯದ ಸಾಲು, ೬ರಿಂದ ೧೦ರವರೆಗಿನ ಹಾಗೂ ೧೪ನೆಯ ಪ್ಯಾರಾಗಳ ಮೇಲೆ ಮಸಿ ಚೆಲ್ಲಿದ ಪ್ರತಿ. ಮಸಿ ತಾನಾಗಿ ಚೆಲ್ಲಿದೆ.

ಟಿಕೋಟಾ ಹಾಗೂ ಬಬಲೇಶ್ವರದ ಚಾವಡಿಗಳಿಗೆ: ಅಲ್ಲಿಯೂ ಕಸವಿಲ್ಲವೆಂದು ತಿಳಿದಿರುವುದರಿಂದ, ಮಾಹಿತಿಗಾಗಿ ಮಾತ್ರ. ಎರವಲು ಕೇಳಲು ಯಾರನ್ನೂ ಕಳಿಸಕೂಡದು.

ಮುರಿಗೆವ್ವನವರಿಗೆ: ಅವರ ಮನೆಯಲ್ಲಿ ಕಸ ಇಲ್ಲವೆಂಬ ದೃಢಪತ್ರದೊಂದಿಗೆ.

ಲಕ್ಕವ್ವನವರಿಗೆ: ಬರುವ ವರ್ಷದ ತಿಪ್ಪೆಗಾಗಿ ಈಗಲೇ ವಿನಂತಿ. "ನೋಡೂಣು" ಎಂಬ ಅವರ ಉತ್ತರವನ್ನು ಫೈಲಿನಲ್ಲಿಡಲಾಗಿದೆ.

ಮುಕಾದಮ ಶಂಕ್ರೆಪ್ಪನಿಗೆ: ಬಿಲ್ಲೆಯೊಂದಿಗೆ. ಅವನಿಗೆ ಓದಲು ಬಾರದ್ದರಿಂದ ಯಾರಾದರೂ ಓದಿ ಹೇಳುವುದು. ನಾಳೆಯಿಂದ ಚಕ್ಕಡಿ ಬರಿದಾಗಿ ಬಂದರೂ ಅವನು ಕೆಲಸದಲ್ಲಿರುತ್ತಾನೆ ಎಂಬ ಈ ಸಾಲನ್ನು ಅವನು ಕೇಳಿದಷ್ಟು ಸಲ ಓದಿ ಹೇಳುವುದು.