ಅತ್ತೆಯ ಕೈಗೆ ತಲೆ ಕೊಟ್ಟವರು

ನಮ್ಮ ಸೋದರತ್ತೆಗೆ ತಲೆಬಾಗಿ ನಮಸ್ಕಾರ ಮಾಡುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ! ಆಶೀರ್ವಾದಕ್ಕೆಂದು ತಲೆಯ ಮೇಲಿಟ್ಟ ಕೈ ಅಲ್ಲೇ ಹೇನು ಹುಡುಕಲು ಶುರು ಮಾಡುತ್ತದೆ. ನಮ್ಮ ಮದುವೆಯಲ್ಲಿ ಕಾಲಿಗೆರಗಿದ ನನ್ನ ಗಂಡನನ್ನು ಬೀಗರೆದುರೇ ಬಗ್ಗಿಸಿ ಹಿಡಿದಳು. ಕೂದಲೆಲ್ಲ ಕೆದರಿ ನೋಡಿ, "ಸ್ವಚ್ಛ ಅದ. ಹುಡುಗ ಅಡ್ಡಿಯಿಲ್ಲ" ಎಂದು ಬಿಟ್ಟಳು. ಅವರು ಇಂದಿಗೂ ಅತ್ತೆಗೆ ದೂರದಿಂದಲೇ ಕೈ ಮುಗಿಯುತ್ತಾರೆ.

ಒಮ್ಮೆ ಭಾಲ್ಕಿಯಿಂದ ಔರಾದಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಹೆರಳಿಗೇ ಕೈ ಹಾಕಿದ್ದಳು. ಗುರುತಿಲ್ಲ, ಪರಿಚಯವಿಲ್ಲ! ಆಕೆ ಸಿಟ್ಟಿನಿಂದ ತಿರುಗಿದರೆ, "ಅಲುಗಾಡಬ್ಯಾಡ್ರಿ ಅಕ್ಕಾರ, ತಪ್ಪಿಸ್ಕೊಂತದ!" ಎಂದಳಂತೆ. ಔರಾದ್ ಬರುವಷ್ಟರಲ್ಲಿ ಆಕೆ ಅತ್ತೆಯ ಮಡಿಲಿಗೆ ತಲೆ ಕೊಟ್ಟು ಮಲಗಿದ್ದಳಂತೆ. ಇದಕ್ಕೇನು ಹೇಳುತ್ತೀರಿ?

ಹೋದ ವರ್ಷ ನಾಲ್ಕನೇ ತರಗತಿಯ ನನ್ನ ಮಗಳಿಗೆ ಹೇನಾಯಿತು. ಶಾಲೆಯಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ಔಷಧಿ ಹಚ್ಚಿ ಬಾಚಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. "ನಾ ಸಾಲಿಗಿ ಹೋಗಲ್ಲ" ಎಂದು ಹುಡುಗಿ ಮೂಲೆ ಹಿಡಿದಳು. ಇನ್ನೇನು ಮಾಡಲಿ? ಸೊಂಟದುದ್ದದ ಹೆರಳಿಗೆ ಕತ್ತರಿ ಹಿಡಿದೆ. ಅವಳೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಅಷ್ಟರಲ್ಲಿ ಊರಿನಿಂದ ಅತ್ತೆ ಬಂದಳು.

"ಕತ್ತರಿ ಇಡು! ಹೇನ ಒಂದ ತಲಿಗಿ ನಿಲ್ತದೇನು? ನಡೀರಿ ಸಾಲಿಗಿ."

ಮಧ್ಯಾಹ್ನ ನಮ್ಮ ಓಣಿಯ ಹೆಂಗಸರು ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಕೂತು ತಲೆ ನೋಡುತ್ತಾರಲ್ಲ, ಹಾಗೇ ಶಾಲೆಯ ಹುಡುಗಿಯರನ್ನೆಲ್ಲ ವರಾಂಡದಲ್ಲಿ ಸಾಲಾಗಿ ಕೂರಿಸಿದಳು. "ಎಲ್ಲಾರಕಿಂತ ಮುಂದ ನೀವ್ ಕೂಡ್ರಿ ಬಾಯಾರ" ಎಂದು ಟೀಚರನ್ನೂ ಬಿಡಲಿಲ್ಲ! ಅವರ ಹಿಂದೆ ನನ್ನ ಮಗಳು.

ಸ್ವಲ್ಪ ಹೊತ್ತಿಗೆ ಅವಳ ದನಿ: "ಟೀಚರ್, ಒಂದ್ ಸಿಕ್ತರಿ!"

ನನ್ನ ಜೀವ ಹಾರಿಹೋಯಿತು. ಟೀಚರ್ ಕೆಂಪಾದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಸಾಲಿನುದ್ದಕ್ಕೂ "ನನಗೂ ಸಿಕ್ತು, ನನಗೂ ಸಿಕ್ತು" ಎಂದು ಗದ್ದಲವೋ ಗದ್ದಲ! ಔಷಧಿ ಎಲ್ಲರ ಮನೆಗೂ ಹೋಯಿತು, ಪ್ರತಿ ಶನಿವಾರ ಸಾಲು ಕೂತಿತು, ಹೇನಿನ ಕಾಟ ತಪ್ಪಿತು. ಮಗಳ ಪಕ್ಕ ಕೂರಲು ಈಗ ಜಗಳವಂತೆ.

ಆ ಸಲ ಊರಿಗೆ ಹೊರಡುವ ಮುನ್ನ ಅತ್ತೆ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಹಿಂದೆ ಹೋಗಿ ಕೂತು, "ಆಯಿ, ನಿನ್ನ ತಲಿ ಯಾರ ನೋಡ್ತಾರ?" ಎಂದಳು.

"ನಮ್ಮವ್ವ ಹೋದ ಮ್ಯಾಲ ಯಾರೂ ನೋಡಿಲ್ಲವ್ವ" ಎಂದು ಅತ್ತೆ ತಲೆಯ ಮೇಲಿನ ಸೆರಗು ಸರಿಸಿದಳು.

ಮಗಳು ಬೆಳ್ಳಗಾದ ಕೂದಲನ್ನು ಬಿಡಿಸಿ ಬಿಡಿಸಿ ನೋಡಿದಳು. "ಏನೂ ಇಲ್ಲ ಆಯಿ, ಮುಗೀತು."

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಇನ್ನೊಮ್ಮಿ ನೋಡವ್ವ. ಒಂದಾದ್ರೂ ಇರ್ತದ."